ಕೊಡಗಿನಲ್ಲಿ ಸ್ವತಂತ್ರ ಫೋಟೋಗ್ರಾಫರ್ ಆಗಿ ನೆಲೆ ನಿಲ್ಲುವುದು: ಮಳೆಗಾಲದಿಂದ ಶುರುವಾಗುವ ಲೆಕ್ಕ

ಕೊಡಗಿನಲ್ಲಿ ಚೆನ್ನಾಗಿ ಫೋಟೋ ತೆಗೆಯುವವರಿಗೆ ಬರವಿಲ್ಲ. ಏಪ್ರಿಲ್-ಮೇ ತಿಂಗಳಲ್ಲಿ ವಿರಾಜಪೇಟೆ, ಗೋಣಿಕೊಪ್ಪ, ಮಡಿಕೇರಿಯ ಯಾವ ಮದುವೆಗೆ ಹೋದರೂ ಒಳ್ಳೆಯ ಕ್ಯಾಮೆರಾ, ಒಳ್ಳೆಯ ಕಣ್ಣು ಎರಡೂ ಇರುವ ಹುಡುಗ ಹುಡುಗಿಯರು ಸಿಗುತ್ತಾರೆ. ಎರಡು ವರ್ಷ ಬಿಟ್ಟು ಅವರನ್ನೇ ಹುಡುಕಿದರೆ ಕೆಲವರು ಬೆಂಗಳೂರು ಸೇರಿರುತ್ತಾರೆ, ಕೆಲವರು ಕ್ಯಾಮೆರಾ ಮಾರಿ ಬೇರೆ ಕೆಲಸ ಹಿಡಿದಿರುತ್ತಾರೆ. ಅವರ ಕೌಶಲ ಕಡಿಮೆಯಾಗಿರಲಿಲ್ಲ. ಜುಲೈ ತಿಂಗಳಲ್ಲಿ ಕಂತು ಕಟ್ಟಲು ದುಡ್ಡಿರಲಿಲ್ಲ, ಅಷ್ಟೇ.

ಹಾಗಾಗಿ ಈ ಬರಹದಲ್ಲಿ ಲೆನ್ಸು, ಲೈಟಿನ ಪಾಠ ಕಡಿಮೆ. ನಮ್ಮ ಜಿಲ್ಲೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಕೂರುತ್ತದೆ. ಆ ತಿಂಗಳುಗಳನ್ನು ದಾಟಿಸುವಂತೆ ಕೆಲಸ ಜೋಡಿಸಿಕೊಂಡವರು ಇಲ್ಲೇ ಉಳಿಯುತ್ತಾರೆ. ಮದುವೆ ಸೀಸನ್ನಿನ ಸಂಪಾದನೆಯನ್ನಷ್ಟೇ ನೆಚ್ಚಿದವರಿಗೆ ಕಷ್ಟ. ಹೊಸದಾಗಿ ಈ ಕೆಲಸಕ್ಕೆ ಇಳಿಯುವವರು, ಇಳಿದು ಒಂದೆರಡು ವರ್ಷವಾಗಿ ಏದುಸಿರು ಬಿಡುತ್ತಿರುವವರು, ಇಬ್ಬರಿಗೂ ಇದು ಉಪಯೋಗಕ್ಕೆ ಬರಲಿ ಎಂದು ಬರೆಯುತ್ತಿದ್ದೇನೆ.

ಹಂತ 1: ಕೊಡಗಿನ ವರ್ಷವನ್ನು ಒಂದು ಹಾಳೆಯ ಮೇಲೆ ಬರೆಯಿರಿ

ದೊಡ್ಡ ಹಾಳೆ ತೆಗೆದುಕೊಂಡು ಹನ್ನೆರಡು ತಿಂಗಳು ಗೀಟು ಹಾಕಿ. ಮೊದಲು ಖಾಲಿ ತಿಂಗಳುಗಳನ್ನು ಗುರುತು ಮಾಡಿ. ಜೂನ್, ಜುಲೈ, ಆಗಸ್ಟ್. ಅದರಲ್ಲೂ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಕಕ್ಕಡ ಮಾಸದಲ್ಲಿ ಶುಭಕಾರ್ಯ ಇಟ್ಟುಕೊಳ್ಳುವವರು ವಿರಳ. ಮದುವೆ ಫೋಟೋವನ್ನೇ ನಂಬಿದವರಿಗೆ ಅದು ಪೂರ್ತಿ ಬಿಡುವಿನ ತಿಂಗಳು.

ನಂತರ ತುಂಬಿದ ದಿನಗಳನ್ನು ಬರೆಯಿರಿ. ಸೆಪ್ಟೆಂಬರ್ ಮೊದಲ ವಾರ ಆಯುಧ ಪೂಜಿಸುವ ಕೈಲ್‌ಪೊಳ್ದ್ ಹಬ್ಬ. ಅಕ್ಟೋಬರ್‌ನಲ್ಲಿ ತಲಕಾವೇರಿಯ ತುಲಾ ಸಂಕ್ರಮಣ, ಅದರ ಆಸುಪಾಸಿನಲ್ಲೇ ಮಡಿಕೇರಿ ದಸರಾ. ವಿಜಯದಶಮಿಯ ರಾತ್ರಿ ಹತ್ತು ಮಂಟಪಗಳು ಬೆಳಗಿನವರೆಗೂ ಬೀದಿಯಲ್ಲಿರುತ್ತವೆ. ನವೆಂಬರ್ ಕೊನೆ, ಡಿಸೆಂಬರ್ ಎಂದರೆ ಭತ್ತದ ಸುಗ್ಗಿಯ ಹಬ್ಬ ಹುತ್ತರಿ. ಅರೇಬಿಕಾ ಕೊಯ್ಲು ನವೆಂಬರ್‌ನಿಂದ ಜನವರಿ, ರೊಬಸ್ಟಾ ಕೊಯ್ಲು ಅದರ ಹಿಂದೆಯೇ. ಫೆಬ್ರವರಿ-ಮಾರ್ಚ್-ಏಪ್ರಿಲ್‌ನಲ್ಲಿ ಹೂಮಳೆ ಬಿದ್ದು ಕಾಫಿ ಹೂವು. ಏಪ್ರಿಲ್-ಮೇ ಮದುವೆಗಳು, ಜೊತೆಗೆ ಕೊಡವ ಕುಟುಂಬಗಳ ನಡುವಿನ ಹಾಕಿ ಹಬ್ಬ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟುಂಬದವರು ಶುರು ಮಾಡಿದ ಆ ಪಂದ್ಯಾವಳಿಗೆ ಈಗ 300ಕ್ಕೂ ಹೆಚ್ಚು ತಂಡಗಳು ಬರುತ್ತವೆ. ಒಂದೊಂದು ತಂಡವೂ ಒಂದೊಂದು ಒಕ್ಕ, ಅಂದರೆ ಒಂದೇ ಮನೆತನದ ಹೆಸರಿನ ಕುಟುಂಬ. ಪ್ರತಿ ಒಕ್ಕಕ್ಕೂ ತಮ್ಮ ತಂಡದ ಒಂದು ಒಳ್ಳೆಯ ಫೋಟೋ ಐನ್‌ಮನೆಯ (ಒಕ್ಕದ ಮೂಲಮನೆಯ) ಗೋಡೆಗೆ ಬೇಕು. ಮೈದಾನದ ಬದಿಯಲ್ಲಿ ಪತ್ರಿಕೆಯವರ ಜೊತೆ ನಿಂತು ಗೋಲಿನ ಚಿತ್ರಕ್ಕೆ ಕಾಯುವುದಕ್ಕಿಂತ, ಪಂದ್ಯಕ್ಕೆ ಮೊದಲೇ ತಂಡದ ನಾಯಕರೊಡನೆ ಮಾತಾಡಿ, ಅಜ್ಜನಿಂದ ಮೊಮ್ಮಗಳವರೆಗೆ ಆಡುವವರನ್ನೆಲ್ಲ ನಿಲ್ಲಿಸಿ ತೆಗೆದ ಒಂದು ಗುಂಪು ಚಿತ್ರಕ್ಕೆ ಇಲ್ಲಿ ಹೆಚ್ಚು ಬೆಲೆ ಇದೆ.

ಹಾಳೆ ತುಂಬಿದ ಮೇಲೆ ನೋಡಿ. ವರ್ಷದ ಸಂಪಾದನೆಯ ಮುಕ್ಕಾಲು ಭಾಗ ಎರಡೇ ತಿಂಗಳಿಂದ ಬರುತ್ತಿದ್ದರೆ, ಒಂದು ವರ್ಷ ಮೇ ತಿಂಗಳಲ್ಲಿ ನಿಮಗೆ ಜ್ವರ ಬಂದರೂ ಸಾಕು, ವ್ಯವಹಾರ ಮಲಗುತ್ತದೆ.

ಹಂತ 2: ಮೂರು ಬಗೆಯ ಕೆಲಸ ಆಯ್ದುಕೊಳ್ಳಿ

ಎಲ್ಲವನ್ನೂ ಮಾಡುತ್ತೇನೆ ಎನ್ನುವವರನ್ನು ಯಾವುದಕ್ಕೂ ನೆನಪಿಟ್ಟುಕೊಳ್ಳುವುದಿಲ್ಲ. ಒಂದನ್ನೇ ಮಾಡಿದರೆ ಮಳೆಗಾಲ ದಾಟುವುದಿಲ್ಲ. ಬೇರೆ ಬೇರೆ ಕಾಲಕ್ಕೆ ದುಡ್ಡು ತರುವ ಮೂರು ಕೆಲಸ ಸಾಕು. ಕೊಡಗಿಗೆ ಹೊಂದುವ ಮೂರು ಇವು ಎಂಬುದು ನನ್ನ ತೀರ್ಮಾನ.

ಮೊದಲನೆಯದು ಮದುವೆ. ಇಲ್ಲಿ ಕೊಡವ, ಅರೆಭಾಷೆ ಗೌಡ, ಮುಸ್ಲಿಂ, ಕ್ರೈಸ್ತ, ಮಲಯಾಳಿ ಮನೆಗಳ ಮದುವೆಗಳಿಗೆ ತಮ್ಮದೇ ಕ್ರಮವಿದೆ, ಕ್ರಮ ತಿಳಿಯದವರಿಗೆ ಮುಖ್ಯ ಗಳಿಗೆ ತಪ್ಪುತ್ತದೆ. ಕೊಡವ ಮದುವೆಯಲ್ಲಿ ಪುರೋಹಿತರಿಲ್ಲ. ಹಿರಿಯರು, ನೆಂಟರು ಒಬ್ಬೊಬ್ಬರಾಗಿ ಬಂದು ಅಕ್ಕಿ ಹಾಕಿ, ಕಿಂಡಿಯಿಂದ (ಕೊಳವೆ ಮೂತಿಯ ಚೊಂಬಿನಿಂದ) ಹಾಲು ಕುಡಿಸಿ, ಕೈಗೆ ದುಡ್ಡಿಟ್ಟು ಹರಸುವುದೇ ಮುಹೂರ್ತ. ಆ ಸಾಲು ಗಂಟೆಗಟ್ಟಲೆ ಸಾಗುತ್ತದೆ. ಹತ್ತು ಮಂದಿ ಆದಮೇಲೆ ಎಲ್ಲ ಒಂದೇ ತರ ಎನಿಸಿ ಕ್ಯಾಮೆರಾ ಕೆಳಗಿಡಬೇಡಿ. ಆ ಮನೆಯವರು ಆಲ್ಬಂ ತೆರೆದು ಮೊದಲು ಹುಡುಕುವುದು ಅಜ್ಜಿ ಹರಸಿದ ಚಿತ್ರವನ್ನು, ಮುಂದಿನ ವರ್ಷ ಇಲ್ಲದೇ ಹೋಗಬಹುದಾದ ದೊಡ್ಡಪ್ಪನ ಚಿತ್ರವನ್ನು. ಎರಡನೇ ಫೋಟೋಗ್ರಾಫರ್ ಪೂರ್ತಿ ಸಾಲಿನ ಕಡೆ ಇರಲಿ, ನೀವು ಮದುಮಕ್ಕಳ ಮುಖದ ಮೇಲೆ ಇರಿ.

ಬೆಳಕಿನ ಒಂದು ಮಾತು ಇಲ್ಲಿ ಹೇಳಲೇಬೇಕು. ಮದುಮಗನ ಕುಪ್ಪಸ (ನಿಲುವಂಗಿ) ಬಿಳಿ, ಸುತ್ತ ನಿಂತ ಗಂಡಸರದ್ದು ಕಪ್ಪು, ಮದುಮಗಳ ಸೀರೆ ಕಡುಗೆಂಪು. ಕ್ಯಾಮೆರಾದ ತಾನಾಗಿಯೇ ಅಳೆಯುವ ಲೆಕ್ಕ ಕಪ್ಪು ನೋಡಿ ಮೋಸ ಹೋಗುತ್ತದೆ, ಬಿಳಿ ಕುಪ್ಪಸದ ನೆರಿಗೆಗಳು ಅಳಿಸಿಹೋಗುತ್ತವೆ. ಬಿಳಿ ಬಟ್ಟೆಗೆ ತಕ್ಕಂತೆ ಎಕ್ಸ್‌ಪೋಷರ್ ಕಡಿಮೆ ಇಟ್ಟು, ರಾ ಕಡತದಲ್ಲಿ (ಕ್ಯಾಮೆರಾ ಸಂಸ್ಕರಿಸದೆ ಕೊಡುವ ಮೂಲ ಕಡತದಲ್ಲಿ) ನೆರಳನ್ನು ಎತ್ತಿ. ಗಂಗಾಪೂಜೆ ಹೆಚ್ಚಾಗಿ ಕತ್ತಲಾದ ಮೇಲೆ ನಡೆಯುತ್ತದೆ. ನೀರು ಹೊತ್ತ ಮದುಮಗಳ ದಾರಿಗೆ ಅಡ್ಡ ನಿಂತು ಗಂಡಿನ ಕಡೆಯವರು ವಾಲಗಕ್ಕೆ ಕುಣಿಯುತ್ತಲೇ ಇರುತ್ತಾರೆ, ಎಷ್ಟು ಹೊತ್ತು ಎಂದು ಯಾರೂ ಹೇಳಲಾರರು. ಕೈಯಲ್ಲಿ ಹಿಡಿಯುವ ಎಲ್‌ಇಡಿ ದೀಪ ಒಂದು, ತುಂಬಿದ ಬ್ಯಾಟರಿ ಎರಡು ಆ ಹೊತ್ತಿಗೆಂದೇ ತೆಗೆದಿಡಿ. ಹಿಂದಿನ ದಿನವೇ ಎರಡೂ ಕಡೆಯ ಅರುವರನ್ನು, ಅಂದರೆ ಒಕ್ಕದ ಪರ ನಿಂತು ಶಾಸ್ತ್ರ ನಡೆಸುವವರನ್ನು, ಕಂಡು ಮಾತಾಡಿ. ಬಾಳೆ ಕಡಿಯುವವರು ಯಾರು, ಸಮ್ಮಂದ (ಮದುಮಗಳನ್ನು ಗಂಡಿನ ಒಕ್ಕಕ್ಕೆ ಸೇರಿಸುವ ಶಾಸ್ತ್ರ) ಎಷ್ಟು ಹೊತ್ತಿಗೆ ಎಂಬುದು ಅವರಿಗೆ ಗೊತ್ತಿರುವಷ್ಟು ಮದುಮಗನಿಗೂ ಗೊತ್ತಿರುವುದಿಲ್ಲ.

ಎರಡನೆಯದು ತೋಟ ಮತ್ತು ಹೋಂಸ್ಟೇ. ಇಲ್ಲಿ ಒಂದೇ ದಿನ ಹೋಗಿ ಕೋಣೆ, ಹಾಸಿಗೆ, ತಿಂಡಿ ತೆಗೆದು ಬರುವವರು ಬಹಳ. ನೀವು ವರ್ಷದ ಒಪ್ಪಂದ ಕೇಳಿ. ಒಂದೇ ಹೋಂಸ್ಟೇಗೆ ಮೂರು ಭೇಟಿ: ಮಳೆಯಲ್ಲಿ ಒಮ್ಮೆ, ಕೊಯ್ಲಿನ ಚಳಿಯಲ್ಲಿ ಒಮ್ಮೆ, ಹೂವಿನಲ್ಲಿ ಒಮ್ಮೆ. ಮಂಜು ತುಂಬಿದ ಜುಲೈಯಲ್ಲಿ ಬರುವ ಅತಿಥಿಗೆ ಏಪ್ರಿಲ್ ಬಿಸಿಲಿನ ಅಂಗಳ ತೋರಿಸಿದರೆ ಆಮೇಲೆ ಬೇಸರವಾಗುತ್ತದೆ ಎಂಬುದು ಮಾಲೀಕರಿಗೂ ಗೊತ್ತು. ಮಳೆಗಾಲದ ಭೇಟಿಯ ದುಡ್ಡು ನಿಮಗೆ ಬೇಕಾದ ತಿಂಗಳಲ್ಲೇ ಕೈಸೇರುತ್ತದೆ.

ತಮ್ಮದೇ ಹೆಸರಿನಲ್ಲಿ ಕಾಫಿಪುಡಿ, ಕರಿಮೆಣಸು, ಜೇನು ಮಾರುವ ಬೆಳೆಗಾರರು ಈಗ ಹೆಚ್ಚು. ಕೊಡಗಿನ ಅರೇಬಿಕಾಗೆ 2019ರಲ್ಲಿ ಭೌಗೋಳಿಕ ಗುರುತು (ಜಿಐ) ಸಿಕ್ಕಿದೆ. ಪೊಟ್ಟಣದ ಮೇಲೆ ತೋಟದ ಕಥೆ ಹೇಳಬೇಕಾದವರಿಗೆ ಗಿಡದಿಂದ ಲೋಟದವರೆಗಿನ ಚಿತ್ರಗಳು ಬೇಕು: ಹೂವು, ಹಸಿರು ಕಾಯಿ, ಹಣ್ಣು, ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್, ಕಣದಲ್ಲಿ ಹರಡಿದ ಪಾರ್ಚ್‌ಮೆಂಟ್ (ಸಿಪ್ಪೆ ಬಿಡಿಸಿ ತೊಳೆದ ಬೀಜ), ಹುರಿದ ಬೀಜ. ಇದು ಒಂದು ದಿನದ ಕೆಲಸವಲ್ಲ, ಒಂದು ವರ್ಷದ್ದು. ಕಷ್ಟದ್ದು ಹೂವು. ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತದೆ, ಎರಡು ಮೂರು ದಿನದಲ್ಲಿ ಕಂದುತ್ತದೆ. ಒಂದು ಊರಲ್ಲಿ ಮಳೆಯಾಗಿ ಪಕ್ಕದ ಊರಲ್ಲಿ ಆಗದಿರಬಹುದು. ಅದಕ್ಕೆ ಪ್ರತಿ ತೋಟದ ರೈಟರ್ (ಮೇಲ್ವಿಚಾರಕ) ಬಳಿ ಮಳೆ ಬಿದ್ದ ದಿನ ಕೇಳಿ ಬರೆದಿಟ್ಟುಕೊಳ್ಳಿ, ಏಳನೇ ದಿನದಿಂದ ಬೇರೆ ಕೆಲಸ ಒಪ್ಪಬೇಡಿ. ಬೆಳಿಗ್ಗೆ ಬೇಗ ಹೋಗಬೇಕು ನಿಜ, ಆದರೆ ಆನೆ ಓಡಾಡುವ ಸಿದ್ದಾಪುರ, ವಿರಾಜಪೇಟೆ ಕಡೆಯ ತೋಟಗಳಿಗೆ ರೈಟರಿಗೆ ಹೇಳದೆ ಬೆಳಕು ಹರಿಯುವ ಮುನ್ನ ಒಬ್ಬರೇ ಕಾಲಿಡಬೇಡಿ. ಯಾವ ಚಿತ್ರಕ್ಕೂ ಅಷ್ಟು ಬೆಲೆಯಿಲ್ಲ. ಕೊಯ್ಲು ಮಾಡುವವರ ಮುಖ ತೆಗೆಯುವ ಮುನ್ನ ತೋಟದ ಮಾಲೀಕರ ಒಪ್ಪಿಗೆ ಇದ್ದರೆ ಸಾಲದು, ಅವರದೇ ಒಪ್ಪಿಗೆ ಕೇಳಿ. ಪೊಟ್ಟಣದ ಮೇಲೆ ಬರುವ ಮುಖವಾದರೆ ಬರಹದಲ್ಲಿ ಪಡೆಯಿರಿ, ಅವರಿಗೂ ಸಂಭಾವನೆ ಕೊಡಿಸಿ.

ಮೂರನೆಯದರ ಬಗ್ಗೆ ಸ್ವಲ್ಪ ಹೆಚ್ಚೇ ಹೇಳುತ್ತೇನೆ, ಏಕೆಂದರೆ ಇದನ್ನು ಮಾಡುವವರು ಕಡಿಮೆ: ಒಕ್ಕದ ಹಳೆಯ ಚಿತ್ರಗಳನ್ನು ಉಳಿಸುವ ಕೆಲಸ. ಇದೇ ನಿಮ್ಮ ಮಳೆಗಾಲದ ಅನ್ನ.

ಹಂತ 3: ಮಳೆಗಾಲದ ಕೆಲಸವನ್ನು ಕಟ್ಟಿ

ಯಾವ ಐನ್‌ಮನೆಗೆ ಹೋದರೂ ಗೋಡೆಯ ಮೇಲೆ ಸೈನ್ಯದ ಸಮವಸ್ತ್ರದ ತಾತ, ಸೊಂಟಕ್ಕೆ ಪೀಚೆಕತ್ತಿ (ಕೊಡವರ ಕಿರುಗತ್ತಿ) ಸಿಕ್ಕಿಸಿ ಕುಳಿತ ಮುತ್ತಾತ, ಕಪ್ಪುಬಿಳುಪಿನ ಮದುವೆ ಗುಂಪು ಇರುತ್ತದೆ. ನಮ್ಮ ತೇವಕ್ಕೆ ಅವು ಪ್ರತಿ ವರ್ಷ ಸ್ವಲ್ಪ ಸ್ವಲ್ಪ ಹೋಗುತ್ತಿವೆ. ಬೂಷ್ಟು ಹಿಡಿಯುತ್ತದೆ, ಚಿತ್ರ ಗಾಜಿಗೆ ಅಂಟಿಕೊಳ್ಳುತ್ತದೆ, ಅಂಚು ಹಳದಿಯಾಗುತ್ತದೆ. ಅದರಲ್ಲಿರುವವರ ಹೆಸರು ಹೇಳಬಲ್ಲವರೂ ಕಡಿಮೆಯಾಗುತ್ತಿದ್ದಾರೆ. ಈ ಕೆಲಸಕ್ಕೆ ದುಡ್ಡು ಬರುತ್ತದೆ ಎಂಬುದು ಒಂದಾದರೆ, ಯಾರಾದರೂ ಮಾಡಲೇಬೇಕಾದದ್ದು ಎಂಬುದು ಇನ್ನೊಂದು.

ಬೇಕಾಗುವುದು ಇಷ್ಟು: ಬಿಡಿ ಚಿತ್ರಗಳಿಗೆ ಒಂದು ಚಪ್ಪಟೆ ಸ್ಕ್ಯಾನರ್, ಚೌಕಟ್ಟಿನಲ್ಲಿರುವವಕ್ಕೆ ಮತ್ತು ನೆಗೆಟಿವ್‌ಗೆ ಮ್ಯಾಕ್ರೋ ಲೆನ್ಸ್, ಟ್ರೈಪಾಡ್, ಒಂದೇ ಬಗೆಯ ಎರಡು ದೀಪ. ಚಿಕ್ಕ ಪ್ರಿಂಟನ್ನು 600 ಡಿಪಿಐಗಿಂತ ಕಡಿಮೆ ಸ್ಕ್ಯಾನ್ ಮಾಡಬೇಡಿ, ಮೂಲ ಪ್ರತಿ ಟಿಫ್ ರೂಪದಲ್ಲಿರಲಿ. ಗಾಜಿಗೆ ಅಂಟಿದ ಚಿತ್ರವನ್ನು ಎಳೆದು ಬಿಡಿಸಲು ಹೋಗಬೇಡಿ, ಮುಖದ ಪದರವೇ ಕಿತ್ತು ಬರುತ್ತದೆ. ಗಾಜಿನ ಸಮೇತ ತೆಗೆಯಿರಿ: ದೀಪಗಳು ಎರಡೂ ಬದಿಯಿಂದ 45 ಡಿಗ್ರಿ ಕೋನದಲ್ಲಿರಲಿ, ದೀಪಕ್ಕೆ ಪೋಲರೈಸಿಂಗ್ ಹಾಳೆ, ಲೆನ್ಸಿಗೆ ಪೋಲರೈಸಿಂಗ್ ಫಿಲ್ಟರ್ ಹಾಕಿ ತಿರುಗಿಸಿದರೆ ಹೊಳಪು ಹೋಗುತ್ತದೆ. ಬೂಷ್ಟನ್ನು ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ. ಚಿತ್ರ ಚೆನ್ನಾಗಿ ಒಣಗಿದ ಮೇಲೆ ಮೆತ್ತನೆ ಕುಂಚದಲ್ಲಿ, ಮನೆಯ ಹೊರಗೆ, ಮೂಗು ಬಾಯಿಗೆ ಮಾಸ್ಕ್ ಹಾಕಿಕೊಂಡು ಹಗುರವಾಗಿ ಸರಿಸಿ.

ಚಿತ್ರ ತೆಗೆದಷ್ಟೇ ಮುಖ್ಯ ಹೆಸರು ಬರೆಯುವುದು. ಪ್ರತಿ ಚಿತ್ರಕ್ಕೂ ಅಂಕಿ ಕೊಟ್ಟು, ಮನೆಯ ಹಿರಿಯರ ಮುಂದೆ ಲ್ಯಾಪ್‌ಟಾಪಿನಲ್ಲಿ ದೊಡ್ಡದಾಗಿ ತೋರಿಸಿ, ಅವರು ಹೇಳುವುದನ್ನು ಫೋನಿನಲ್ಲಿ ಧ್ವನಿಮುದ್ರಿಸಿಕೊಳ್ಳಿ. ಎಡದಿಂದ ಬಲಕ್ಕೆ ಯಾರು ಯಾರು, ಯಾರ ಮದುವೆ, ಯಾವ ಊರು. ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳು ಮಸುಕಾದ ಮುಖವನ್ನು ಚೊಕ್ಕಟ ಮಾಡಿಕೊಡುತ್ತವೆ. ಆದರೆ ಹಲವು ಬಾರಿ ಅದು ಬೇರೆಯೇ ಯಾರದೋ ಮುಖವಾಗಿರುತ್ತದೆ. ಗೀರು, ಕಲೆ ತೆಗೆಯಲು ಬಳಸಿ, ಕಣ್ಣು ಮೂಗು ಹೊಸದಾಗಿ ಬರೆಯಲು ಬಿಡಬೇಡಿ. ಅಜ್ಜನ ಮುಖ ಅಜ್ಜನದ್ದೇ ಆಗಿರಬೇಕು.

ಕೊನೆಗೆ ಕೊಡುವುದು ಮೂರು: ಡಿಜಿಟಲ್ ಪ್ರತಿ, ಹೆಸರು ವಿವರಗಳಿರುವ ಮುದ್ರಿತ ಪುಸ್ತಕ, ಗೋಡೆಗೆ ಹೊಸ ಚೌಕಟ್ಟು. ಚೌಕಟ್ಟು ಹಾಕುವವರಿಗೆ ಒಂದು ಮಾತು ಬಿಡದೆ ಹೇಳಿ: ಚಿತ್ರಕ್ಕೂ ಗಾಜಿಗೂ ನಡುವೆ ರಟ್ಟಿನ ಅಂಚು ಕೊಟ್ಟು ಸಂದಿ ಬಿಡಬೇಕು, ಹಿಂಭಾಗ ಗೋಡೆಗೆ ಒತ್ತದಂತೆ ಚಿಕ್ಕ ರಬ್ಬರ್ ಗುಂಡಿ ಅಂಟಿಸಬೇಕು. ಇಷ್ಟು ಮಾಡಿದರೆ ಮುಂದಿನ ಮಳೆಗಳಲ್ಲಿ ಹೊಸ ಚಿತ್ರ ಗಾಜಿಗೆ ಅಂಟುವುದಿಲ್ಲ. ಒಕ್ಕದ ಸಭೆ ಅಥವಾ ಕಾರೋಣರ (ಒಕ್ಕದ ಪೂರ್ವಿಕರ) ಕಾರ್ಯಕ್ಕೆ ಎಲ್ಲರೂ ಸೇರುವ ದಿನ ಪುಸ್ತಕದ ಒಂದು ಪ್ರತಿ ಇಟ್ಟರೆ ಸಾಕು. ಬೆಂಗಳೂರು, ಮೈಸೂರು, ದುಬೈಯಿಂದ ಬಂದವರೆಲ್ಲ ತಮಗೂ ಒಂದೊಂದು ಕೇಳುತ್ತಾರೆ. ಇಡೀ ಒಕ್ಕಕ್ಕೆ ಒಂದು ಬೆಲೆ, ಹೆಚ್ಚಿನ ಪ್ರತಿಗೆ ಇಷ್ಟು ಎಂದು ಮೊದಲೇ ನಿಗದಿ ಮಾಡಿ. ಏಪ್ರಿಲ್‌ನಲ್ಲಿ ಮದುವೆ ಮನೆಯಲ್ಲಿ ಮಾತು ಆಡಿಟ್ಟು, ಜೂನ್‌ನಲ್ಲಿ ಚಿತ್ರಗಳನ್ನು ತಂದು, ಮಳೆ ಮುಗಿಯುವಷ್ಟರಲ್ಲಿ ಪುಸ್ತಕ ಕೊಡುವ ಕ್ರಮ ಇಟ್ಟುಕೊಳ್ಳಿ. ಆ ಮೂಲ ಚಿತ್ರಗಳು ನಿಮ್ಮ ಬಳಿ ಇರುವಷ್ಟು ದಿನ ಅವಕ್ಕೆ ರಸೀದಿ ಬರೆದು ಕೊಡಿ.

ಹಂತ 4: ಬೆಲೆ ಕಟ್ಟುವುದು

ಪಕ್ಕದವನು ಎಷ್ಟು ತೆಗೆದುಕೊಳ್ಳುತ್ತಾನೆ ಎಂದು ಕೇಳಿ ಅದಕ್ಕಿಂತ ಸಾವಿರ ಕಡಿಮೆ ಹೇಳುವುದು ಬೆಲೆ ಕಟ್ಟುವ ವಿಧಾನವಲ್ಲ. ನಿಮ್ಮ ವರ್ಷದ ಖರ್ಚಿನಿಂದ ಶುರು ಮಾಡಿ. ಒಂದು ಉದಾಹರಣೆ ಲೆಕ್ಕ ಕೊಡುತ್ತೇನೆ, ಅಂಕಿಗಳನ್ನು ನಿಮ್ಮದಕ್ಕೆ ಬದಲಿಸಿಕೊಳ್ಳಿ.

ಮನೆಖರ್ಚು ತಿಂಗಳಿಗೆ 25,000 ಎಂದರೆ ವರ್ಷಕ್ಕೆ 3,00,000. ಕ್ಯಾಮೆರಾ, ಲೆನ್ಸು, ದೀಪ, ಕಂಪ್ಯೂಟರ್ ಸೇರಿ 4,00,000 ರೂಪಾಯಿಯದು ಐದು ವರ್ಷ ಬಾಳುತ್ತದೆ ಎಂದಿಟ್ಟುಕೊಂಡರೆ ವರ್ಷಕ್ಕೆ 80,000. ಪೆಟ್ರೋಲ್, ಗಾಡಿ 60,000. ವಿಮೆ, ರಿಪೇರಿ 30,000. ಫೋನು, ಇಂಟರ್‌ನೆಟ್, ತಂತ್ರಾಂಶ, ಹಾರ್ಡ್‌ಡಿಸ್ಕ್ 35,000. ಆಡಿಟರ್, ಇತರೆ 25,000. ಆಪತ್ತಿಗೆಂದು 40,000. ಒಟ್ಟು 5,70,000.

ಈಗ ದಿನಗಳು. ಒಂದು ದಿನ ಫೋಟೋ ತೆಗೆದರೆ ಆರಿಸಿ, ತಿದ್ದಿ, ಆಲ್ಬಂ ಜೋಡಿಸಲು ಎರಡು ಮೂರು ದಿನ ಹೋಗುತ್ತದೆ. ಮಳೆ, ಓಡಾಟ, ಮಾತುಕತೆ ಕಳೆದರೆ ದುಡ್ಡು ಹುಟ್ಟುವ ದಿನ ವರ್ಷಕ್ಕೆ 70 ಸಿಕ್ಕರೆ ಒಳ್ಳೆಯದೇ. 5,70,000ವನ್ನು 70ರಿಂದ ಭಾಗಿಸಿದರೆ ದಿನಕ್ಕೆ ಸುಮಾರು 8,150. ಇದಕ್ಕಿಂತ ಕೆಳಗಿಳಿದರೆ ನಿಮ್ಮ ಕೈಯಿಂದಲೇ ದುಡ್ಡು ಹಾಕಿ ಅವರ ಮದುವೆ ಮಾಡಿಸಿದಂತೆ. ಎರಡು ದಿನದ ಮದುವೆಗೆ 16,300 ನಿಮ್ಮ ದಿನಗಳ ಬೆಲೆ ಮಾತ್ರ. ಎರಡನೇ ಫೋಟೋಗ್ರಾಫರ್, ಆಲ್ಬಂ, ವಿಡಿಯೋ, ಪ್ರಯಾಣ ಎಲ್ಲ ಅದರ ಮೇಲೆ. ಲಾಭ ಎಂಬುದು ಇನ್ನೂ ಬಂದಿಲ್ಲ, ಅದನ್ನೂ ಸೇರಿಸಿ.

ಹೋಂಸ್ಟೇಯವರು ಕೆಲವರು ಹೇಳುತ್ತಾರೆ, ಎರಡು ದಿನ ರೂಮು ಕೊಡುತ್ತೇವೆ, ಬದಲಿಗೆ ಫೋಟೋ ತೆಗೆದುಕೊಡಿ ಎಂದು. ಊರಿನವರೇ ಆದ ನಿಮಗೆ ರೂಮಿನಿಂದ ಏನು ಉಪಯೋಗ? ಪ್ರೀತಿಯಿಂದಲೇ ಬೇಡ ಎನ್ನಿ. ನೆಂಟರ ವಿಷಯ ಇನ್ನೂ ಸೂಕ್ಷ್ಮ. ಚಿಕ್ಕ ಜಿಲ್ಲೆ, ಎಲ್ಲರೂ ಎಲ್ಲರಿಗೂ ಸಂಬಂಧ. ನನ್ನ ಸಲಹೆ: ದರ ಎಲ್ಲರಿಗೂ ಒಂದೇ ಬರೆಯಿರಿ, ಹತ್ತಿರದವರಿಗೆ ಆಲ್ಬಮ್ಮನ್ನೋ ದೊಡ್ಡ ಚೌಕಟ್ಟನ್ನೋ ಉಡುಗೊರೆ ಕೊಡಿ. ಒಬ್ಬ ನೆಂಟರಿಗೆ ದರ ಇಳಿಸಿದರೆ ಅದೇ ಊರಿನ ದರವಾಗುತ್ತದೆ.

ಸೀಸನ್ನಿನಲ್ಲಿ ಬಂದ ಪ್ರತಿ ಪಾವತಿಯಲ್ಲೂ 30 ಪ್ರತಿಶತ ಬೇರೆ ಬ್ಯಾಂಕ್ ಖಾತೆಗೆ ಹಾಕಿ. ಆ ಖಾತೆಗೆ ಯುಪಿಐ ಜೋಡಿಸಲೇಬೇಡಿ. ಜೂನ್ 1ಕ್ಕೆ ಅದರಲ್ಲಿ ನಾಲ್ಕು ತಿಂಗಳ ಮನೆಖರ್ಚು, ಮೇಲಿನ ಲೆಕ್ಕದಲ್ಲಿ 1,00,000 ಇರಬೇಕು.

ಹಂತ 5: ಒಪ್ಪಂದ, ಹಕ್ಕುಸ್ವಾಮ್ಯ

ಎರಡು ಪುಟದ ಕನ್ನಡ ಒಪ್ಪಂದ ಸಾಕು. ದಿನಾಂಕ, ಸ್ಥಳ, ಎಷ್ಟು ಹೊತ್ತು, ಎಷ್ಟು ಚಿತ್ರ, ಯಾವ ದಿನದೊಳಗೆ, ಎಷ್ಟು ದುಡ್ಡು. ಮುಂಗಡ 40 ಪ್ರತಿಶತ, ಮದುವೆ ದಿನ 40, ಆಲ್ಬಂ ಕೊಡುವಾಗ 20 ಎಂಬ ಹಂಚಿಕೆ ನ್ಯಾಯವಾದದ್ದು. ಒಪ್ಪಂದದಲ್ಲಿ ಒಂದು ವಿಷಯ ಕೊಡಗಿನವರು ಬಿಡಬಾರದು: ಗುಡ್ಡ ಕುಸಿದು, ರಸ್ತೆ ಮುಚ್ಚಿ, ನೆರೆ ಬಂದು ಕೆಲಸ ನಿಂತರೆ ಏನು? 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮಕ್ಕಂದೂರು ಕಡೆ ಗುಡ್ಡ ಕುಸಿದು ಏನಾಯಿತು ಎಂಬುದು ಎಲ್ಲರಿಗೂ ನೆನಪಿದೆ. ಅಂಥ ಸಂದರ್ಭದಲ್ಲಿ ಮುಂಗಡ ಮುಟ್ಟುಗೋಲು ಇಲ್ಲ, ಒಂದು ವರ್ಷದೊಳಗೆ ಬೇರೆ ದಿನಕ್ಕೆ ಅದೇ ದರದಲ್ಲಿ ಕೆಲಸ ಎಂದು ಬರೆಯಿರಿ. ಕಷ್ಟದಲ್ಲಿರುವವರ ದುಡ್ಡು ಇಟ್ಟುಕೊಂಡ ಹೆಸರು ಇಲ್ಲಿ ಅಳಿಯುವುದಿಲ್ಲ.

ಹಕ್ಕುಸ್ವಾಮ್ಯದ ಬಗ್ಗೆ ಹೆಚ್ಚಿನವರಿಗೆ ತಪ್ಪು ತಿಳಿವಳಿಕೆ ಇದೆ. ತೆಗೆದವನದ್ದೇ ಹಕ್ಕು ಎಂದುಕೊಂಡಿರುತ್ತಾರೆ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ, ಯಾರಾದರೂ ದುಡ್ಡು ಕೊಟ್ಟು ತೆಗೆಸಿದ ಛಾಯಾಚಿತ್ರಕ್ಕೆ, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರೇ ಮೊದಲ ಹಕ್ಕುದಾರರು. ಅಂದರೆ ಹೋಂಸ್ಟೇಗೆ ತೆಗೆದ ಮಂಜಿನ ಚಿತ್ರವನ್ನು ನೀವು ಕ್ಯಾಲೆಂಡರಿಗೆ ಮಾರಬೇಕಾದರೆ ಅದು ಒಪ್ಪಂದದಲ್ಲಿ ಇರಲೇಬೇಕು. ಹೀಗೆ ಬರೆಯಿರಿ: ಚಿತ್ರಗಳ ಹಕ್ಕುಸ್ವಾಮ್ಯ ಫೋಟೋಗ್ರಾಫರ್‌ದು, ಗ್ರಾಹಕರು ತಮ್ಮ ಜಾಲತಾಣ, ಸಾಮಾಜಿಕ ಜಾಲತಾಣ, ಕರಪತ್ರಗಳಲ್ಲಿ ಇಷ್ಟು ವರ್ಷ ಬಳಸಬಹುದು, ಇತರರಿಗೆ ಮಾರುವಂತಿಲ್ಲ. ಹಕ್ಕನ್ನು ಬಿಟ್ಟುಕೊಡುವುದಾದರೂ ಅವಧಿ ನಮೂದಿಸಿ. ಅವಧಿ ಬರೆಯದಿದ್ದರೆ 19ನೇ ಕಲಂ ಅದನ್ನು ಐದು ವರ್ಷ ಎಂದು, ಪ್ರದೇಶ ಬರೆಯದಿದ್ದರೆ ಭಾರತ ಎಂದು ತಿಳಿಯುತ್ತದೆ. ಮದುವೆ ಚಿತ್ರಗಳಲ್ಲಿ ಮಾತ್ರ ಹಕ್ಕಿನ ಹಠ ಬೇಡ. ನಿಮ್ಮ ಪುಟದಲ್ಲಿ ಹಾಕಲು ಯಾವ ಚಿತ್ರಕ್ಕೆ ಒಪ್ಪಿಗೆ ಎಂದು ಅವರಿಂದಲೇ ಗುರುತು ಹಾಕಿಸಿಕೊಳ್ಳಿ, ಮಕ್ಕಳ ಚಿತ್ರವನ್ನು ಹಾಕಬೇಡಿ.

ಹಂತ 6: ತೇವ, ಕರೆಂಟು, ಬ್ಯಾಕಪ್

ಹೊಸ ಕ್ಯಾಮೆರಾಕ್ಕೆ ಸಾಲ ಮಾಡುವ ಮೊದಲು ಇರುವ ಲೆನ್ಸುಗಳನ್ನು ಬೂಷ್ಟಿನಿಂದ ಕಾಪಾಡಿ. ಒಳಗಿನ ಗಾಜಿನ ಲೇಪನವನ್ನು ಬೂಷ್ಟು ಒಮ್ಮೆ ತಿಂದರೆ ಯಾವ ರಿಪೇರಿಯೂ ಅದನ್ನು ಪೂರ್ತಿ ಮರಳಿಸುವುದಿಲ್ಲ. ಡ್ರೈ ಕ್ಯಾಬಿನೆಟ್ ಕೊಳ್ಳಲು ಆದರೆ ಕೊಳ್ಳಿ, ತೇವಾಂಶ 40ರಿಂದ 50 ಪ್ರತಿಶತದಲ್ಲಿಡಿ. ಆಗದಿದ್ದರೆ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಸಿಲಿಕಾ ಜೆಲ್, ಒಂದು ಚಿಕ್ಕ ತೇವಮಾಪಕ. ಜೆಲ್ ಬಣ್ಣ ಬದಲಾದಾಗ ಹುರಿದು ಮತ್ತೆ ಹಾಕಿ. ಮಳೆಯಲ್ಲಿ ಕೆಲಸ ಮುಗಿಸಿ ಬಂದ ಕ್ಯಾಮೆರಾವನ್ನು ಒದ್ದೆ ಬ್ಯಾಗಿನಲ್ಲೇ ಬಿಡುವುದು, ಚರ್ಮದ ಚೀಲದಲ್ಲಿ ತಿಂಗಳುಗಟ್ಟಲೆ ಇಡುವುದು, ಎರಡೂ ಬೂಷ್ಟನ್ನು ಕರೆದು ಕೂರಿಸಿದಂತೆ. ಏಸಿ ಕಾರಿನಿಂದ ಮಂಜಿಗೆ ಇಳಿಯುವಾಗ ಬ್ಯಾಗ್ ಮುಚ್ಚಿಯೇ ಅರ್ಧ ಗಂಟೆ ಬಿಡಿ, ಲೆನ್ಸಿನ ಮೇಲೆ ನೀರು ಕೂರುವುದಿಲ್ಲ.

ಗಾಳಿಮಳೆಗೆ ಮರ ಬಿದ್ದರೆ ಹಳ್ಳಿಗಳಲ್ಲಿ ಕರೆಂಟು ದಿನಗಟ್ಟಲೆ ಇರುವುದಿಲ್ಲ, ನೆಟ್‌ವರ್ಕ್ ಕೂಡ. ಚಿತ್ರಗಳ ಮೂರು ಪ್ರತಿ ಇರಲಿ: ಕಂಪ್ಯೂಟರಿನಲ್ಲಿ, ಹೊರಗಿನ ಹಾರ್ಡ್‌ಡಿಸ್ಕಿನಲ್ಲಿ, ಬೇರೆ ಊರಿನ ನೆಂಟರ ಮನೆಯ ಇನ್ನೊಂದು ಡಿಸ್ಕಿನಲ್ಲಿ. ಕ್ಲೌಡ್ ಒಳ್ಳೆಯದೇ, ಆದರೆ ಒಂದು ಮದುವೆಯ ರಾ ಕಡತಗಳನ್ನು ಜುಲೈಯಲ್ಲಿ ನಾಪೋಕ್ಲಿನಿಂದ ಏರಿಸುತ್ತೇನೆ ಎಂದು ಕುಳಿತರೆ ವಾರ ಹೋಗುತ್ತದೆ. ಆರಿಸಿದ ಚಿತ್ರಗಳನ್ನಷ್ಟೇ ಏರಿಸಿ. ಮನೆ ವಿಮೆಯಲ್ಲಿ ದುಡಿಮೆಯ ಉಪಕರಣ ಸಾಮಾನ್ಯವಾಗಿ ಸೇರುವುದಿಲ್ಲ, ಕ್ಯಾಮೆರಾಕ್ಕೆ ಬೇರೆ ಪಾಲಿಸಿ ತೆಗೆದು, ಹೊರಗೆ ಒಯ್ದಾಗ ಬಿದ್ದರೆ ಒದ್ದೆಯಾದರೆ ಕೊಡುತ್ತಾರೆಯೇ ಎಂದು ಓದಿ ಸಹಿ ಹಾಕಿ.

ಹಂತ 7: ಕಾಗದಪತ್ರ, ತೆರಿಗೆ, ಸಾಲ

ಸಣ್ಣ ಉದ್ದಿಮೆಗಳಿಗಿರುವ ಸರ್ಕಾರದ ಉದ್ಯಮ್ ನೋಂದಣಿ ಆಧಾರ್, ಪ್ಯಾನ್ ಇದ್ದರೆ ಆನ್‌ಲೈನಿನಲ್ಲಿ ಉಚಿತ. ಯಾರಿಗೂ ದುಡ್ಡು ಕೊಡಬೇಡಿ. ಸ್ಟುಡಿಯೋ ಬಾಗಿಲು ತೆರೆದರೆ ನಗರಸಭೆ, ಪಟ್ಟಣ ಪಂಚಾಯಿತಿ ಅಥವಾ ಗ್ರಾಮ ಪಂಚಾಯಿತಿಯ ಪರವಾನಗಿ ಬೇಕು. ಸೇವೆ ಕೊಡುವವರು ವರ್ಷಕ್ಕೆ 20 ಲಕ್ಷದ ವಹಿವಾಟು ದಾಟಿದರೆ ಜಿಎಸ್‌ಟಿ ನೋಂದಣಿ ಮಾಡಿಸಬೇಕು, ಫೋಟೋಗ್ರಫಿ ಸೇವೆಗೆ ದರ 18 ಪ್ರತಿಶತ. ರೆಸಾರ್ಟ್ ಮತ್ತು ಕಂಪನಿಗಳು ಟಿಡಿಎಸ್ (ಪಾವತಿಸುವಾಗಲೇ ಹಿಡಿಯುವ ಆದಾಯ ತೆರಿಗೆ) ಕಡಿದು ಕೊಟ್ಟಾಗ ಅದು ನಿಮ್ಮ ಪ್ಯಾನ್ ಹೆಸರಿಗೆ ಜಮೆಯಾಗಿದೆಯೇ ಎಂದು ಆದಾಯ ತೆರಿಗೆ ಜಾಲತಾಣದಲ್ಲಿ ನೋಡಿ, ಬಿಟ್ಟರೆ ನಿಮ್ಮದೇ ದುಡ್ಡು ಹೋಯಿತು. ಸಣ್ಣ ಉದ್ದಿಮೆಗೆ ಸಾಲ ಕೊಡುವ ಕೇಂದ್ರದ ಮುದ್ರಾ ಯೋಜನೆಯಲ್ಲಿ ಶಿಶು ಸಾಲ 50,000ದವರೆಗೆ, ಕಿಶೋರ 5 ಲಕ್ಷದವರೆಗೆ, ತರುಣ 10 ಲಕ್ಷದವರೆಗೆ. ಕಂತನ್ನು ಮಳೆಗಾಲದ ಸಂಪಾದನೆಯಿಂದ ಕಟ್ಟಲು ಆಗುವಷ್ಟೇ ಸಾಲ ತೆಗೆಯಿರಿ, ಮೇ ತಿಂಗಳ ಸಂಪಾದನೆ ನೋಡಿ ಅಲ್ಲ.

ಹಂತ 8: ಎಲ್ಲಿ ಕ್ಯಾಮೆರಾ ಎತ್ತಬಹುದು, ಎಲ್ಲಿ ಕೇಳಬೇಕು

ನಾಗರಹೊಳೆ ರಾಷ್ಟ್ರೀಯ ಉದ್ಯಾನ, ಬ್ರಹ್ಮಗಿರಿ, ಪುಷ್ಪಗಿರಿ, ತಲಕಾವೇರಿ ಅಭಯಾರಣ್ಯಗಳಲ್ಲಿ ವಾಣಿಜ್ಯ ಚಿತ್ರೀಕರಣಕ್ಕೆ ಅರಣ್ಯ ಇಲಾಖೆಯ ಬರಹದ ಅನುಮತಿ ಬೇಕು. ಮದುವೆಗೆ ಮುಂಚಿನ ಚಿತ್ರೀಕರಣ ಎಂದರೂ ಅದು ವಾಣಿಜ್ಯವೇ. ಡ್ರೋನಿಗೆ 2021ರ ನಿಯಮಗಳಿವೆ: ಗುರುತಿನ ಸಂಖ್ಯೆ ಪಡೆಯಬೇಕು, ಮುಂಚಿತ ಅನುಮತಿ ಬೇಡದ ಹಸಿರು ವಲಯದಲ್ಲೂ 400 ಅಡಿಗಿಂತ ಮೇಲೆ ಹಾರಿಸುವಂತಿಲ್ಲ, 250 ಗ್ರಾಂ ಮೀರಿದ್ದನ್ನು ದುಡಿಮೆಗೆ ಬಳಸಿದರೆ ಪೈಲಟ್ ಪ್ರಮಾಣಪತ್ರ ಬೇಕು. ದೇವರಕಾಡುಗಳು ಜಿಲ್ಲೆಯಲ್ಲಿ ಸಾವಿರಕ್ಕೂ ಹೆಚ್ಚಿವೆ, ಚಿತ್ರಕ್ಕೆ ಚಂದವೇ. ಆದರೆ ಊರಿನವರು ಅಲ್ಲಿ ಚಪ್ಪಲಿ ಹಾಕಿ ಕಾಲಿಡುವುದಿಲ್ಲ. ಪ್ರವಾಸಿ ಜೋಡಿಯನ್ನು ಅಲ್ಲಿ ನಿಲ್ಲಿಸಿ ಬಣ್ಣದ ಹೊಗೆ ಬಿಡಿಸುವ ಕೆಲಸ ದಯವಿಟ್ಟು ಬೇಡ. ಕುಪ್ಪಸ, ಪೀಚೆಕತ್ತಿಯನ್ನು ಬಾಡಿಗೆ ವೇಷದಂತೆ ತೊಡಿಸಿ ಪ್ರವಾಸಿಗರ ಫೋಟೋ ತೆಗೆಯುವುದೂ ಬಹಳ ಮಂದಿಗೆ ನೋವು ತರುತ್ತದೆ. ಆ ಸಂಪಾದನೆ ಬಿಟ್ಟುಬಿಡಿ.

ಹಂತ 9: ಹೆಸರು ಹರಡುವುದು, ಕೈ ಜೋಡಿಸುವುದು

ಹೊರಗಿನ ಗ್ರಾಹಕರು ನಿಮ್ಮನ್ನು ಗೂಗಲ್ ನಕ್ಷೆಯಲ್ಲಿ, ಇನ್‌ಸ್ಟಾಗ್ರಾಮಿನಲ್ಲಿ ಹುಡುಕುತ್ತಾರೆ. ಊರಿನ ಹೆಸರು ಸೇರಿಸಿ, ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆಯಿರಿ, ಮೂವತ್ತು ಒಳ್ಳೆಯ ಚಿತ್ರ ಸಾಕು. ಊರೊಳಗೆ ಕೆಲಸ ಬರುವುದು ಬಾಯಿಂದ ಬಾಯಿಗೆ: ಕೊಡವ ಸಮಾಜ, ಗೌಡ ಸಮಾಜ, ಸ್ತ್ರೀಶಕ್ತಿ ಸಂಘ, ಶಾಲೆಯ ವಾರ್ಷಿಕೋತ್ಸವ. ಹೇಳಿದ ದಿನಕ್ಕೆ ಆಲ್ಬಂ ಕೊಡುವುದಕ್ಕಿಂತ ದೊಡ್ಡ ಜಾಹೀರಾತು ನಾನು ಕಂಡಿಲ್ಲ. ಆಲ್ಬಂ ಕೊಡಲು ಹೋದಾಗ ಗೋಡೆಯ ಮೇಲಿನ ಹಳೆಯ ಚಿತ್ರಗಳ ಕಡೆ ನೋಡಿ, ಒಂದನ್ನು ಅಲ್ಲೇ ಉಚಿತವಾಗಿ ತೆಗೆದು ಸರಿಮಾಡಿ ಕಳಿಸಿ. ಮುಂದಿನ ಮಳೆಗಾಲದ ಕೆಲಸ ಅಲ್ಲಿಂದಲೇ ಹುಟ್ಟುತ್ತದೆ.

ಒಂದೇ ದಿನ ಎರಡು ಮದುವೆ ಬಂದರೆ ಇನ್ನೊಬ್ಬರಿಗೆ ಕೊಡಿ, ದಲ್ಲಾಳಿ ದುಡ್ಡು ಕೇಳಬೇಡಿ, ಅವರಿಗೂ ಅಂಥ ದಿನ ಬರುತ್ತದೆ. ಎರಡನೇ ಕ್ಯಾಮೆರಾ ಹಿಡಿಯುವವರಿಗೆ ಮದುವೆ ಮುಗಿದ ವಾರದೊಳಗೆ ದುಡ್ಡು ಕೊಡಿ, ಗ್ರಾಹಕರು ನಿಮಗೆ ಕೊಟ್ಟಿರಲಿ ಬಿಡಲಿ. ದರವನ್ನು ವರ್ಷಕ್ಕೊಮ್ಮೆ, ಸೆಪ್ಟೆಂಬರ್‌ನಲ್ಲಿ, ಮುಂದಿನ ಸೀಸನ್ನಿನ ದಿನಾಂಕಗಳು ನಿಗದಿಯಾಗುವ ಮೊದಲು ಪರಿಷ್ಕರಿಸಿ. ಹಳೆಯ ಹೋಂಸ್ಟೇ, ತೋಟದವರಿಗೆ ಎರಡು ತಿಂಗಳು ಮುಂಚೆ ಪತ್ರ ಬರೆದು ತಿಳಿಸಿ. ಆಗಲೇ ಒಪ್ಪಂದ ಮಾಡಿಕೊಂಡವರಿಗೆ ಹಳೆಯ ದರವೇ ಇರಲಿ.